ಎಡ ಮೊಣಕಾಲಿನ ಅಳತೆ

ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ
ಐವತ್ತು ವರ್ಷ ಹಂಡೆ ಬಡಿದ ಪಂಢರಿ ವಡಕೆಗೆ
ಅಲ್ಯುಮಿನಿಯಂ ಹಾಳೆ ಕೊಟ್ಟು ಹೇಳಿದೆ:
ಪೆಟ್ರೋಲ್ ಟ್ಯಾಂಕು ಬೇಕು, ಕಾಕಾ.

ನಕ್ಷೆ ನೋಡಲಿಲ್ಲ. "ಹತ್ತು" ಅಂದ.
ಮೈಯಿಲ್ಲದ ಬೈಕಿನ ಎಲುಬಿನ ಮೇಲೆ ಕೂತೆ.
ಸೆಣಬಿನ ದಾರ ಹಿಡಿದು ತೊಡೆ ಅಳೆದವ
ಎಡ ಮೊಣಕಾಲಿನ ಹತ್ತಿರ ತಡೆದು ನಿಂತ.
"ಇದು ಪೂರ್ತಿ ಮಡಚೋದಿಲ್ಲ."
ಕಾತ್ರಜ್ ಘಾಟಿನ ಸಂಗತಿ ನಾನು ಹೇಳಿರಲಿಲ್ಲ.

ಮರಳ ಚೀಲ, ಮರದ ಕೊಡತಿ.
ಸುಕ್ಕೆದ್ದರೆ ಬೈಗುಳ, ಕೂತರೆ ಬೀಡಿ.
ಒಂಬತ್ತನೇ ದಿನ ನೀರು ತುಂಬಿಸಿ ಕಾದೆವು:
ಹನಿಯಿಲ್ಲ.
ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು,
"ಕೊಡದ ದನಿ ಇಲ್ಲ" ಎಂದು ಮುಖ ಸಣ್ಣ ಮಾಡಿದ.

ಬಣ್ಣ ಹಚ್ಚಿಸಿಲ್ಲ. ಪೆಟ್ಟಿನ ಗುರುತುಗಳು ಹಾಗೇ ಇವೆ.
ಬೇರೆ ಯಾರೇ ಹತ್ತಲಿ,
ಎಡಗಾಲು ಎಲ್ಲಿಡುವುದೆಂದು ತಡಕಾಡುತ್ತಾರೆ.