ಅಳತೆ ಪುಸ್ತಕ

ಫ್ಯಾಷನ್ ಓದುತ್ತೇನೆ ಅಂದರೆ ಮಾಲೂರಿನ ನಮ್ಮ ಬೀದಿಯವರು
ಬ್ಲೌಸಿಗೆ ಎಷ್ಟು ತಗೋತೀಯ ಅನ್ನುತ್ತಾರೆ.
ಗೈಡ್ ಮೇಡಂ, ನಿನ್ನ ಪ್ರಶ್ನೆ ಏನು, ಅನ್ನುತ್ತಾರೆ.
ಎರಡಕ್ಕೂ ಉತ್ತರವಿಲ್ಲದೆ
ಮಾರಿಕುಪ್ಪಂ ರೈಲಿನಲ್ಲಿ ಕೊನೆಯವರೆಗೂ ಕೂತು
ಆಂಡರ್ಸನ್‌ಪೇಟೆಗೆ ನಡೆದೆ.

ಜ್ಞಾನಮುತ್ತು ಟೈಲರ್ ಸತ್ತು ಹತ್ತೊಂಬತ್ತು ವರ್ಷ.
ಬೋರ್ಡು ಮಾತ್ರ ಇನ್ನೂ ‘ಸೂಟ್ ಸ್ಪೆಷಲಿಸ್ಟ್’.
ಒಳಗೆ ಮಗಳು ಸಗಾಯಮೇರಿ
ನೈಟಿಗಳ ಉದ್ದ ಕಡಿಮೆ ಮಾಡುತ್ತಾಳೆ.
ಕೇಳಿದ್ದೇ ತಡ, ಮಂಚದ ಕೆಳಗಿಂದ ಎಳೆದಳು
ಹನ್ನೊಂದು ಅಳತೆ ಪುಸ್ತಕ,
ಅಂಚೆಲ್ಲ ಇಲಿಯ ಕತ್ತರಿಗೆ ಸಿಕ್ಕಿದ್ದವು.

ಎದೆ, ಸೊಂಟ, ಭುಜ, ತೋಳು, ಕಾಲರು.
ಪಕ್ಕದಲ್ಲಿ ತಮಿಳಲ್ಲಿ ಗೀಚಿದ್ದನ್ನು ಮೇರಿ ಓದಿ ಹೇಳಿದಳು:
ಇವನ ಎಡಭುಜ ಇಳಿದಿದೆ.
ಇವನಿಗೆ ಬಲಗೈಯ ಎರಡು ಬೆರಳಿಲ್ಲ, ಗುಂಡಿ ದೊಡ್ಡದಿರಲಿ.
ಕನ್ನಡದಲ್ಲಿ ಎರಡೂ ಗುಂಡಿಯೇ,
ದಿನಾ ಇಳಿಯುತ್ತಿದ್ದದ್ದೂ
ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದದ್ದೂ.

ಏಳುಮಲೈ, ನೈಟ್ ಶಿಫ್ಟ್.
ಎಪ್ಪತ್ತೊಂದರ ದೀಪಾವಳಿ, ಎದೆ ಮೂವತ್ತೆಂಟು.
ಎಪ್ಪತ್ತೈದರ ಪೊಂಗಲ್, ಮೂವತ್ತೇಳು.
ಎಂಬತ್ತರಲ್ಲಿ ಮೂವತ್ತೈದೂವರೆ.
ಎಂಬತ್ತನಾಲ್ಕು: ಮೂವತ್ತೆರಡು, ಮಗಳ ಮದುವೆಗೆ, ಮಂಗಳವಾರದೊಳಗೆ.
ಆಮೇಲೆ ಆ ಹೆಸರಿಲ್ಲ.

ಕೋರಾ ಬಟ್ಟೆಯಲ್ಲಿ ನಾಲ್ಕು ಅಂಗಿ ಹೊಲಿದೆ.
ಹಾಸ್ಟೆಲಿನ ಕಾರಿಡಾರಿನಲ್ಲಿ ತೂಗುಹಾಕಿದರೆ
ಒಬ್ಬನೇ ಮನುಷ್ಯ ಬಾಗಿಲಿಂದ ಕಿಟಕಿಯವರೆಗೆ
ಸಣ್ಣಗಾಗುತ್ತ ಹೋದ.
ಮೇಡಂ ಬಹಳ ಹೊತ್ತು ನಿಂತು ನೋಡಿದರು.
ಕಲ್ಲಿನ ಧೂಳು, ಶ್ವಾಸಕೋಶ, ಅಂಗಿ. ಸಿಕ್ಕಿತಲ್ಲ ನಿನ್ನ ಪ್ರಶ್ನೆ, ಅಂದರು.
ಮೂರನೇ ಅಧ್ಯಾಯ ಮುಗಿಯಿತೆಂದು
ನಾನೂ ಆ ರಾತ್ರಿ ಬಿರಿಯಾನಿ ತಿಂದೆ.

ಪುಸ್ತಕ ವಾಪಸು ಕೊಡಲು ಹೋದಾಗ ಮೇರಿ ಅಂದಳು,
ಏಳುಮಲೈದು ಕೊನೇದು ಇಲ್ಲೇ ಇದೆ, ಯಾರೂ ಬಂದು ತಗೊಂಡಿಲ್ಲ.
ಟ್ರಂಕು, ಹಳೇ ಪೇಪರು, ಚೀಟಿಗೆ ತುಕ್ಕಿನ ಪಿನ್ನು.
ಹಾಸಿ ಟೇಪು ಹಿಡಿದೆ.
ಮೂವತ್ತೆರಡಕ್ಕೆ ನಾಲ್ಕಿಂಚು ಲೂಸು ಬಿಟ್ಟರೂ ಮೂವತ್ತಾರು.
ಟೇಪು ನಲವತ್ತೆರಡು ಅಂತು.
ಎಪ್ಪತ್ತೊಂದರ ಅಂಗಿಯ ಸುತ್ತಳತೆ.

ಕೇಳಿಕೊಂಡೇ ಬಿಚ್ಚಿದೆ, ಅರ್ಧ ಬ್ಲೇಡಿನಿಂದ,
ಒಂದೊಂದೇ ಹೊಲಿಗೆ.
ಅಸ್ತರಿನ ಹಿಂದೆ ಹಳೆಯ ಕಂಬಳಿಯ ಎರಡು ಪದರ,
ಭುಜದಲ್ಲಿ ಹತ್ತಿ,
ಪಕ್ಕೆಲುಬು ಒಳಹೋದ ಕಡೆಗೆಲ್ಲ
ಬಟ್ಟೆಯೇ ಉಬ್ಬಿ ನಿಂತಿತ್ತು.
ಹೊರಗಿಂದ ಯಾವ ಬೀಗರಿಗೂ ತಿಳಿಯುವಂತಿರಲಿಲ್ಲ.

ಅಂಥದೇ ಇನ್ನೊಂದು ಮಾಡಲು ಕೂತೆ.
ಮಷೀನಿನ ಸೂಜಿ ಎರಡು ಸಲ ಮುರಿಯಿತು.
ಕೈಯಲ್ಲೇ ಹೊಲಿದೆ, ಎರಡು ರಾತ್ರಿ,
ಹೆಬ್ಬೆರಳಿನ ತುದಿ ಜರಡಿಯಾಯಿತು.
ಪುಸ್ತಕದಲ್ಲಿ ಬರೆದದ್ದು: ಕೂಲಿ ಎಂಟು ರೂಪಾಯಿ, ಬಾಕಿ.
ಓದಿದಾಗ ಅದು ಬರೀ ಒಂದು ಸಾಲು.
ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡ ಮೇಲೆ
ಎಂಟು ರೂಪಾಯಿ ಅಂದರೆ ಏನೆಂದೇ ಗೊತ್ತಾಗಲಿಲ್ಲ.

ಅವರೇ ಕೇಳಿದ್ದಾ, ನಿಮ್ಮಪ್ಪನೇ ಮಾಡಿದ್ದಾ?
ಮೇರಿ ನೈಟಿಯಿಂದ ತಲೆ ಎತ್ತಲಿಲ್ಲ.
ಯಾರಿಗೆ ಗೊತ್ತು.
ಅಳತೆ ತಗೊಳ್ಳುವಾಗ ಅಪ್ಪ ಮಾತಾಡ್ತಿರಲಿಲ್ಲ,
ಬಾಯಿ ತುಂಬ ಗುಂಡುಪಿನ್ನು ಇರ್ತಿತ್ತು.

ಈಗ ಬಿಚ್ಚಿದ್ದನ್ನು ಮತ್ತೆ ಹೊಲಿಯುತ್ತಿದ್ದೇನೆ,
ಹಳೆಯ ತೂತುಗಳಲ್ಲೇ ಸೂಜಿ ಇಳಿಸಿ.
ಕೆಲವು ತೂತು ಸಿಗುವುದಿಲ್ಲ.
ಮೇಡಂ ಎರಡು ಸಲ ಫೋನು ಮಾಡಿದರು,
ಅಧ್ಯಾಯ ಎಲ್ಲಿಗೆ ಬಂತು?
ಕಂಕುಳ ಹತ್ತಿರ ಇದ್ದೇನೆ, ಅಂದೆ.

ನಿಂತ್ಕೋ, ನಿನಗೊಂದು ಬ್ಲೌಸು ಹೊಲಿದು ಕೊಡ್ತೀನಿ, ಅಂದಳು ಮೇರಿ.
ಹನ್ನೊಂದನೇ ಪುಸ್ತಕದಲ್ಲಿ ಖಾಲಿ ಹಾಳೆ ತೆಗೆದಳು.
ಟೇಪು ಬೆನ್ನ ಹಿಂದಿಂದ ಸುತ್ತಿ ಬಂದಾಗ
ನಾನು ನೆಟ್ಟಗಾದೆ.

ಉಸಿರು ಹಿಡೀಬೇಡಮ್ಮ, ಅಂದಳು,
ಸುಳ್ಳು ಅಳತೆ ಬರುತ್ತೆ.