ಹತ್ತಿಯ ಬಿರಡೆ

ಒಂದೇ ಮೇಜಿನ ಮೇಲೆ ಬರೆದೆವು ಇಬ್ಬರೂ ಅರ್ಜಿ,
ಆಟೋಕ್ಲೇವ್ ಸೀಟಿ ಹೊಡೆಯುವ ಕೋಣೆಯಲ್ಲಿ.
ಕಿಟಕಿಯಾಚೆ ಧಾರವಾಡ, ಮಧ್ಯಾಹ್ನದ ನಿದ್ದೆಯಲ್ಲಿ.
ಆರು ವಾರ, ಪರದೇಶದ ಪ್ರಯೋಗಾಲಯ,
ವಿಮಾನದ ಖರ್ಚು, ಉಳಿಯುವ ಖರ್ಚು,
ಇಬ್ಬರು ಹಿರಿಯರ ಶಿಫಾರಸು,
ವಯಸ್ಸು ಮೂವತ್ತೈದು ದಾಟಿರಕೂಡದು.
ನನಗೆ ದಾಟಲು ಹನ್ನೊಂದು ದಿನ ಬಾಕಿ ಇತ್ತು.

'ನೀವೇ ಯಾಕೆ ಬರಬೇಕು?' ಎಂಬ ಪ್ರಶ್ನೆಗೆ
ಐನೂರು ಪದಗಳ ಜಾಗ.
ಮೆಹಜಬೀನ ಪೆನ್ನು ಕಚ್ಚುತ್ತ ಕೂತಳು.
"ನೀಲಗಂಗಾ, ನಿನಗ ಬರೀಲಿಕ್ಕೆ ಬರ್ತದ, ಒಂದು ಸಾಲು ಕೊಡವಾ."
ಕೊಟ್ಟೆ:
ನವಲಗುಂದದ ಎರೆಮಣ್ಣು ವೀಸಾ ಕೇಳಲಾರದು,
ಅದಕ್ಕೇ ನಾನು ಬರುತ್ತಿದ್ದೇನೆ.
ನನ್ನ ಅರ್ಜಿಯಲ್ಲಿದ್ದ ಸಾಲೇ ಅದು.
ತುಸು ನಾಟಕವಾಯಿತೆಂದು ಹೊಡೆದು ಹಾಕಿದ್ದೆ.

ಆಯ್ಕೆಯ ಪತ್ರ ಅದೇ ಸಾಲಿನಿಂದ ಶುರುವಾಯಿತು.
ಅವಳು ಜೋರಾಗಿ ಓದಿ, ನನ್ನ ಮುಖ ನೋಡಿ, ಮುಂದೆ ಓದಲಿಲ್ಲ.
ಸಂಜೆ ಗಿರಮಿಟ್ ತಂದಳು, ಉಳ್ಳಾಗಡ್ಡಿ ಹೆಚ್ಚು ಹಾಕಿಸಿ,
ಕಣ್ಣಿಗೆ ಒಂದು ನೆವ ಇರಲೆಂದು.

ಹಣ ಮೊದಲು ಬರುವುದಲ್ಲ.
ಮೊದಲು ನೀವು ಖರ್ಚು ಮಾಡಿ,
ಬೋರ್ಡಿಂಗ್ ಪಾಸು, ರಸೀದಿ, ಎಲ್ಲ ಜೋಡಿಸಿ ಕಳಿಸಿ,
ತೊಂಬತ್ತು ದಿನಕ್ಕೆ ಬರುತ್ತದೆ.
ಮೂರು ತಿಂಗಳಿಂದ ಅವಳಿಗೆ ಫೆಲೋಶಿಪ್ಪೇ ಬಂದಿರಲಿಲ್ಲ.
ಪತ್ತಿನ ಸಂಘದ ಮ್ಯಾನೇಜರ ಕೇಳಿದ: "ಜಾಮೀನು ಯಾರ್ರೀ?"
ಅವ್ವ ನನ್ನ ಹೆಸರಿಗೆ ಇಟ್ಟ ಠೇವಣಿಯ ಮೇಲೆ
ಸಹಿ ಮಾಡಿದೆ, ಎರಡು ಕಡೆ.
ಹೆಬ್ಬೆರಳಿಗೂ ಮಸಿ ಹಚ್ಚಿದರು,
ಪಿಎಚ್.ಡಿ. ಆದವಳೆಂದು ಬಿಡಲಿಲ್ಲ.

ಹೋಗುವ ಮುಂಚಿನ ದಿನ ಬಿರಡೆ ಕಟ್ಟಿಕೊಟ್ಟಳು, ನೂರಿಪ್ಪತ್ತು.
ಅವಳ ಅಜ್ಜ ಹಳೇ ಹುಬ್ಬಳ್ಳಿಯಲ್ಲಿ ಗಾದಿಗೆ ಹತ್ತಿ ಹಿಂಜುತ್ತಿದ್ದವರು,
ಆ ಬಿಲ್ಲಿನ ಠಂಯ್ ಠಂಯ್ ಕೇಳಿ ಬೆಳೆದ ಬೆರಳು.
ಗಾಳಿ ಒಳಗೆ ಬರಬೇಕು, ಗಾಳಿಯೊಳಗಿನದು ಬರಬಾರದು,
ಅಷ್ಟು ಬಿಗಿ, ಅಷ್ಟು ಸಡಿಲು.
ನಾನು ಕಟ್ಟಿದ್ದು ಒಂದೋ ಕೊಳವೆಯೊಳಗೆ ಬೀಳುತ್ತದೆ,
ಇಲ್ಲವೇ ಹೊರಗೆ ಹಾರುತ್ತದೆ.

ಜೀವ ಇರುವುದನ್ನು ಒಯ್ಯಲು ಪರವಾನಗಿ ಸಿಗಲಿಲ್ಲ.
ಒಯ್ದದ್ದು ಡಿಎನ್‌ಎ ಮಾತ್ರ, ಕಾಗದದ ಮೇಲೆ ಒಣಗಿದ ಒಂದು ಕಲೆ.
ನಲವತ್ತೇಳನೇ ತಳಿ ನನ್ನ ಕೈಯಲ್ಲಿ ಉಳಿಯಿತು.
ಹದಿನೈದು ದಿನಕ್ಕೊಮ್ಮೆ ಹೊಸ ಅಗಾರಿನ ಮೇಲೆ ಗೀರಬೇಕು,
ತಂತಿಯನ್ನು ಕೆಂಪಗೆ ಕಾಸಿ, ಆರಿಸಿ, ಮುಟ್ಟಿಸಿ.
ಕೆಲವು ದಿನಕ್ಕೆ ಪ್ರತಿ ಚುಕ್ಕೆಯ ಸುತ್ತ
ಚಂದ್ರ ಗುಡಿ ಕಟ್ಟಿದ ಹಾಗೆ ಒಂದು ತಿಳಿ ಬಳೆ:
ಕಟ್ಟಿಕೊಂಡಿದ್ದ ರಂಜಕವನ್ನು ಬಿಡಿಸಿದ ಗುರುತು.
ಗೀರಿದಾಗಲೆಲ್ಲ ಇದಕ್ಕೆ ಎಳೆ ವಯಸ್ಸು.
ಇದರ ಜನ್ಮದಿನಾಂಕವನ್ನು ಯಾರೂ ಕೇಳುವುದಿಲ್ಲ.

ಒಂದು ರಾತ್ರಿ ಕರೆಂಟು ಹೋಗಿ ಬರಲೇ ಇಲ್ಲ.
ತಿರಕಪ್ಪ ಬ್ಯಾಟರಿ ಹಿಡಿದು ನಿಂತ:
"ಅಕ್ಕಾರ, ಇವು ಸತ್ರ ಯಾರಿಗ ಗೊತ್ತಾಕ್ಕೈತ್ರಿ?"
ಸುಮ್ಮನೆ ಕೇಳಿದ, ಕೆಟ್ಟ ಮನಸ್ಸಿನಿಂದಲ್ಲ.
ಉತ್ತರಕ್ಕೆ ನಾನು ಸ್ವಲ್ಪ ಹೊತ್ತು ತಗೊಂಡೆ.
ಅಷ್ಟು ಹೊತ್ತು ತಗೊಂಡದ್ದನ್ನು ಇಲ್ಲಿ ಬರೆದಿಡುತ್ತೇನೆ,
ಲಾಗ್ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಆಮೇಲೆ ಐಸ್‌ಕ್ರೀಮಿನ ಅಂಗಡಿಯವನನ್ನು ಎಬ್ಬಿಸಿ
ಗೋಣಿಚೀಲದಲ್ಲಿ ಬರ್ಫ ಹೊತ್ತು ತಂದೆವು.

ನಿನ್ನೆ ಫೋನು ಮಾಡಿದ್ದಳು.
ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಂತೆ.
ಯಂತ್ರವೊಂದು ನಲವತ್ತೇಳರ ವಂಶಾವಳಿಯನ್ನೆಲ್ಲ
ಒಂದೇ ರಾತ್ರಿಯಲ್ಲಿ ಓದಿ ಮುಗಿಸಿತಂತೆ.
"ಇಲ್ಲೆ ಎಲ್ಲಾ ಪ್ಲಾಸ್ಟಿಕ್ ಮುಚ್ಚಳ, ನೀಲೂ. ಹತ್ತಿ ಅಂದ್ರ ನಗ್ತಾರ."
ಆಮೇಲೆ, ತಡೆದು: "ಆ ಸಾಲು ಯಾರದು ಅಂತ
ಇಲ್ಲಿಯ ಪ್ರೊಫೆಸರಿಗೆ ಹೇಳೀನಿ."
ಹೇಳಿ ಏನಾಯಿತು ಎಂದು ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ.

ನೂರಿಪ್ಪತ್ತರಲ್ಲಿ ಒಂಬತ್ತು ಉಳಿದಿದ್ದವು.
ಒಂದನ್ನು ಬಿಚ್ಚಿ ನೋಡಿದೆ, ಹೇಗೆ ಸುತ್ತಿದ್ದಾಳೆಂದು.
ಮತ್ತೆ ಸುತ್ತಲು ಬರಲಿಲ್ಲ.
ಈಗ ಎಂಟು.