ದಮ್ಮಾಮ್, ಏಳು ಐವತ್ತೈದು

ಅಕ್ಷರವೆಲ್ಲ ಈಜಿಪ್ಟಿನ ಶುಕ್ರಿಯ ಪಾಲು,
ಅಂಕಿ ನನ್ನ ಪಾಲು.
ಗಂಗೊಳ್ಳಿಯ ಪ್ರೆಸ್ಸಿನಲ್ಲಿ ಮದುವೆ ಕಾಗದ,
ಮೀನುಗಾರರ ಸಂಘದ ವರದಿ ಜೋಡಿಸಿ ಪಳಗಿದ ಬೆರಳು;
ಓದಲು ಬಾರದಿದ್ದರೂ ಎಣಿಸಲು ಬಂದರೆ ಸಾಕೆಂದು
ಕರೆಸಿಕೊಂಡಿದ್ದರು.

ಎರಡೇ ವಾರ, ಕಲಿತೆ.
ಒಂದು, ನಿಂತ ಕಂಬ.
ಏಳು, ನೀರಿಗಿಳಿದ ದೋಣಿ;
ಎಂಟು, ಅದೇ ದೋಣಿ
ಮಳೆಗಾಲಕ್ಕೆ ದಡದಲ್ಲಿ ಮಗುಚಿ ಹಾಕಿದ್ದು.
ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ,
ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೆ,
ಒಂಟಿ ಹಳಿಯ ಮೇಲೆ ಎದುರುಬದುರು ಬಂದೂ
ಗುದ್ದದೆ ದಾಟುವ ಗಾಡಿಗಳು.

ದಮ್ಮಾಮ್, ಬುಕೈಕ್, ಹುಫೂಫ್, ಹರದ್, ಖರ್ಜ್, ರಿಯಾದ್.
ಆರು ಹೆಸರು, ಮಧ್ಯೆ ಮರಳು.
ವೇಳಾಪಟ್ಟಿಯಲ್ಲಿ ಮರಳಿಗೆ ಕಾಲಂ ಇಲ್ಲ,
ಒಂದೆಳೆ ಹಿತ್ತಾಳೆ ಗೆರೆ, ಅಷ್ಟೆ.

ನಮ್ಮೂರ ಕಡೆ ಆಗ ಹಳಿಯೇ ಇರಲಿಲ್ಲ.
ಬೊಂಬಾಯಿಯವರೆಗೆ ಬಸ್ಸಿನಲ್ಲಿ ವಾಂತಿ ಮಾಡುತ್ತ ಬಂದವನು
ಇಲ್ಲಿ ಸ್ಟೂಲಿನ ಮೇಲೆ ಕೂತು ರೈಲು ಹೊರಡಿಸುತ್ತಿದ್ದೆ.
ಹತ್ತಿದ್ದು ಮಾತ್ರ ಇಲ್ಲ.
ಊರು ಬಿಡಲು ಕಫೀಲನ ಚೀಟಿ ಬೇಕು,
ಚೀಟಿಗೆ ಕಾರಣ ಬೇಕು,
ರೈಲು ನೋಡಬೇಕು ಎಂಬುದು ಕಾರಣವಲ್ಲ.

ಕಂಡದ್ದು ಬಣ್ಣದ ಕರಪತ್ರದಲ್ಲಿ:
ಏಸಿ ಡಬ್ಬಿ, ಕಿಟಕಿಗೆ ಮೂಗೊತ್ತಿದ ಮಗು, ಹೊರಗೆ ಒಂಟೆ.
ಕೆಂಪು ಕೂದಲೆಳೆಯಷ್ಟು ಸರಿದು
ಮಗುವಿಗೆ ಎರಡು ತುಟಿ ಹೆಚ್ಚು.
ಭೂತಗನ್ನಡಿ ಹಿಡಿದರೆ ರೈಲೇ ಇಲ್ಲ,
ಬರೀ ಚುಕ್ಕಿ.

ಚುಕ್ಕಿಯೇ ಇಲ್ಲಿ ಸೊನ್ನೆ.
ಒಂದನೇ ಕ್ಲಾಸಿನಿಂದ ನನಗೆ ಸೊನ್ನೆಯಾಗಿದ್ದ ಉಂಗುರ
ಇಲ್ಲಿ ಐದು.
ಗೊತ್ತಿತ್ತು. ಗೊತ್ತಿದ್ದೂ,
ಬೇಸಿಗೆಯ ಹೊಸ ಪಟ್ಟಿ ಮುಗಿಸುವ ನಡುರಾತ್ರಿ
ಬೆರಳು ತಾನಾಗಿ ಬಾಲ್ಯದ ಖಾನೆಗೆ ಹೋಯಿತು:
ಏಳು ಗಂಟೆಯ ಗಾಡಿ
ಕಾಗದದ ಮೇಲೆ ಏಳು ಐವತ್ತೈದಕ್ಕೆ ಹೊರಟಿತು.
ಮೂರು ಸಾವಿರ ಪ್ರತಿ.

ಪುಟದಡಿಯ ಸಣ್ಣಕ್ಷರ ಹಿಡಿದು
ಪ್ರೆಸ್ಸು ಹುಡುಕಿಕೊಂಡು ಬಂದವನು ಒಬ್ಬನೇ,
ಹುಫೂಫಿನ ಖರ್ಜೂರದ ವ್ಯಾಪಾರಿ ಬೂ ಮಿಶಾರಿ,
ಕೈಯಲ್ಲಿ ಆಗಷ್ಟೇ ಕೊಂಡ ತಕ್ಕಡಿ.
ಶುಕ್ರಿ ಗಲ್ಲ ಎತ್ತಿ ನನ್ನ ಕಡೆ ತೋರಿಸಿದ.
ತಕ್ಕಡಿ ಮೇಜಿಗಿಟ್ಟು
ತಟ್ಟೆಗಳು ಸುಮ್ಮನಾಗುವವರೆಗೂ ಅವನು ಮಾತಾಡಲಿಲ್ಲ.
ಅರ್ಧ ಅರಬ್ಬಿ, ಅರ್ಧ ಕೈಸನ್ನೆಯಲ್ಲಿ
ಸ್ಲೇಟಿನ ಕಥೆ ಹೇಳಿದೆ,
ಗಾಳಿಯಲ್ಲಿ ಉಂಗುರ ಬರೆದು ತೋರಿಸಿದೆ.

‘ಏನೂ ಇಲ್ಲ ಅನ್ನುವುದಕ್ಕೆ
ನಿಮ್ಮಲ್ಲಿ ಇಷ್ಟು ದೊಡ್ಡ ಜಾಗ ಬಿಡುತ್ತೀರಾ?’ ಎಂದ.
ಮಧ್ಯಾಹ್ನದ ಗಾಡಿಯ ತನಕ ಅಲ್ಲೇ ಕೂತ,
ನಾಲ್ಕು ಚಹಾ ಕುಡಿದ,
ಹಾಳಾದ ಹಾಳೆಗಳಲ್ಲಿ ತಕ್ಕಡಿ ಸುತ್ತಿಕೊಂಡು ಹೋದ.

ತಿಂಗಳ ಕೊನೆಗೆ ಸಂಬಳದ ಚೀಟಿ.
ಕಡಿತದ ಸಾಲಿನಲ್ಲಿ ಎರಡು ಉಂಗುರ.
ಅಬ್ಬ, ಏನೂ ಹಿಡಿದಿಲ್ಲ ಎಂದು
ಹೆಚ್ಚಲ್ಲ, ಒಂದು ಗಳಿಗೆ
ಖುಷಿಯಾಯಿತು.